ಅಜ್ಜನ ಕೊಳಗ ಹಿಡಿದು ನಾಲ್ಕು ದಿನ

ಅಜ್ಜ ಎಣಿಸುವಾಗ ‘ಒಂದು’ ಎಂದದ್ದನ್ನು ನಾನು ಕೇಳಿಯೇ ಇಲ್ಲ. ಕಣದಲ್ಲಿ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ‘ಲಾಭ’ ಎನ್ನುವುದು ರೈತರ ರೂಢಿ. ಆಮೇಲೆ ಎರಡು, ಮೂರು, ನಾಲ್ಕು. ಆದರೆ ಅಜ್ಜನಿಗೆ ಅದು ಕಣದಲ್ಲೇ ಉಳಿಯುವ ಮಾತಾಗಿರಲಿಲ್ಲ. ಊಟಕ್ಕೆ ಸಾಲಾಗಿ ಕುಳಿತ ಮೊಮ್ಮಕ್ಕಳನ್ನು, ಸಂಜೆ ಕೊಟ್ಟಿಗೆಗೆ ಮರಳಿದ ದನಗಳನ್ನು, ಕೊನೆಯ ವರ್ಷಗಳಲ್ಲಿ ಅಂಗೈಗೆ ಹಾಕಿಕೊಟ್ಟ ಮಾತ್ರೆಗಳನ್ನು ಕೂಡ ಲಾಭ, ಎರಡು, ಮೂರು ಎಂದೇ ಎಣಿಸುತ್ತಿದ್ದ.

1928ರಲ್ಲಿ ಶರಾವತಿ ದಂಡೆಯ ಒಂದು ಸಣ್ಣ ಊರಿನಲ್ಲಿ ಹುಟ್ಟಿದ ಅಜ್ಜ 2022ರ ಜೂನ್‌ನಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ. ವರ್ಷದ ಎಡೆಗೆ ಮುಂಚೆ ಅವನು ಬಾಳಿದ ಜಾಗಗಳನ್ನೆಲ್ಲ ಒಮ್ಮೆ ನೋಡಿ ಬರಬೇಕೆಂದು ಹಟ ಹಿಡಿದವಳು ಅಪ್ಪನ ತಂಗಿ, ನಮ್ಮ ದೊಡ್ಡತ್ತೆ. ಹುಟ್ಟಿದ ಊರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಾತ್ರ ಅದರ ನೆಲ ಕಾಣುತ್ತದೆ. 2023ರಲ್ಲಿ ಮಳೆ ತಡವಾಯಿತು, ನೀರು ತಳ ಕಂಡಿತು. “ಈ ಸಲ ಬಿಟ್ಟರೆ ನನ್ನ ಮಂಡಿ ಇನ್ನೊಂದು ಸಲಕ್ಕೆ ಒಪ್ಪುವುದಿಲ್ಲ” ಎಂದು ಅತ್ತೆ ಫೋನಿನಲ್ಲಿ ಹೇಳಿದಳು. ಅಪ್ಪ, ಅತ್ತೆ, ನಾನು, ಒಂಬತ್ತು ವರ್ಷದ ನನ್ನ ಮಗಳು, ಹೀಗೆ ನಾಲ್ವರು ಹೊರಟೆವು. ಅತ್ತೆ ತನ್ನ ಚೀಲದಲ್ಲಿ ಹಳೆಯ ಸೀರೆಯೊಂದರಲ್ಲಿ ಸುತ್ತಿ ಅಜ್ಜನ ಕೊಳಗವನ್ನೂ ತಂದಿದ್ದಳು.

ಮೊದಲ ದಿನ: ತಾಳಗುಪ್ಪ, ಜೋಗ

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಹತ್ತಿದ ರೈಲು ಜೂನ್ 3ರ ಬೆಳಿಗ್ಗೆ ತಾಳಗುಪ್ಪ ತಲುಪಿತು. ಹಳಿ ಅಲ್ಲಿಗೇ ಮುಗಿಯುತ್ತದೆ. ಮಗಳು ಎಂಜಿನ್ನಿನ ಆಚೆಗೂ ನಡೆದು ಹೋಗಿ ಹಳಿ ಮುಗಿಯುವ ಜಾಗವನ್ನು ನೋಡಿಕೊಂಡು ಬಂದಳು.

ಶಿವಮೊಗ್ಗದಿಂದ ಸಾಗರ ದಾಟಿ ಇಲ್ಲಿಯವರೆಗೆ ಮೀಟರ್ ಗೇಜ್ ಹಳಿ ಬಂದಾಗ ಅಜ್ಜ ಹನ್ನೆರಡರ ಆಸುಪಾಸಿನ ಹುಡುಗ. ರೈಲು ನೋಡುವುದಕ್ಕೆಂದೇ ಊರಿನ ಹುಡುಗರೆಲ್ಲ ಬುತ್ತಿ ಕಟ್ಟಿಕೊಂಡು ನಡೆದು ಬಂದಿದ್ದರಂತೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಇದೇ ಹಳಿಯ ಮೇಲೆ ಓಡುತ್ತಿದ್ದ ರೈಲು ಬಸ್ಸಿನಲ್ಲಿ ಅಜ್ಜ ನನ್ನನ್ನು ಕೂರಿಸಿಕೊಂಡು ಬಂದಿದ್ದ. ದಾರಿಯುದ್ದಕ್ಕೂ ನಿಲ್ದಾಣಗಳನ್ನು ಎಣಿಸಿದ್ದ. ಲಾಭದಿಂದಲೇ.

ಜೋಗ ಅಲ್ಲಿಂದ ಹದಿನೈದು ಕಿಲೋಮೀಟರಿನ ಆಚೀಚೆ. ಮಳೆಗಾಲಕ್ಕೆ ಮುಂಚಿನ ಜೋಗವನ್ನು ನೋಡಲು ಹೋಗುವವರು ಕಡಿಮೆ. 253 ಮೀಟರ್ ಎತ್ತರದ ಬಂಡೆ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ರಾಜಾ ಇರಬೇಕಾದ ಕಡೆ ನೂಲಿನಂಥ ಒಂದು ಧಾರೆ. ರಾಣಿ, ರೋರರ್, ರಾಕೆಟ್ ಎಲ್ಲಿ ಎಂದು ಮಗಳು ಕೇಳಿದಾಗ ಅಪ್ಪ ಬಂಡೆಯ ಮೇಲಿನ ಕಪ್ಪು ಕಲೆಗಳನ್ನು ಬೆರಳಿಟ್ಟು ತೋರಿಸಿದ. “ನಮ್ಮ ಕಾಲದಲ್ಲಿ ಜೋಗದ ನೀರಿಗೆ ಬಾಗಿಲು ಇರಲಿಲ್ಲ” ಎಂದು ಅಜ್ಜ ಹೇಳುತ್ತಿದ್ದ. ಈಗ ಆ ನೀರಿಗೆ ಬಾಗಿಲೂ ಇದೆ, ಬೀಗವೂ ಇದೆ.

ಆ ಬಾಗಿಲನ್ನು ಮೊದಲು ಕಟ್ಟಿದವರ ಸಾಲಿನಲ್ಲಿ ಅಜ್ಜನೂ ಇದ್ದ. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಜೋಗದ ವಿದ್ಯುತ್ ಯೋಜನೆಗೆ ಅಡಿಗಲ್ಲು ಬಿತ್ತು. ಮೇಲ್ಗಡೆ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಏಳಲು ತೊಡಗಿತು. ಯುದ್ಧದ ವರ್ಷಗಳು, ಅಕ್ಕಿಗೆ ಬರ. ಹದಿನೈದು ಹದಿನಾರರ ಹುಡುಗನೊಬ್ಬ ತಲೆಯ ಮೇಲೆ ಸಿಂಬೆ ಇಟ್ಟು ಕಲ್ಲು, ಗಾರೆ ಹೊತ್ತ. 1948ರಲ್ಲಿ ಜೋಗದ ಬುಡದಲ್ಲಿ ಯಂತ್ರಗಳು ತಿರುಗಿದವು. ಆಮೇಲೆ ಆ ಕೇಂದ್ರಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು. ಎಂಟು ಯಂತ್ರ, ಆಗಿನ ಲೆಕ್ಕಕ್ಕೆ 120 ಮೆಗಾವ್ಯಾಟ್. ಬೆಂಗಳೂರಿನಲ್ಲಿ ನನ್ನ ಮನೆಯ ಗುಂಡಿ ಒತ್ತಿದಾಗ ಹತ್ತುವ ದೀಪಕ್ಕೆ ಎಲ್ಲೆಲ್ಲಿಂದಲೋ ವಿದ್ಯುತ್ ಬರುತ್ತದೆ, ಗೊತ್ತು. ಆದರೂ ಗುಂಡಿ ಒತ್ತುವಾಗ ಕೆಲವೊಮ್ಮೆ ಆ ಹುಡುಗನ ತಲೆಯ ಸಿಂಬೆ ನನ್ನ ಕಣ್ಣ ಮುಂದೆ ಬರುತ್ತದೆ.

ಎರಡನೆಯ ದಿನ: ಸಾಗರ, ಕಾಗೋಡು

ಬೆಳಿಗ್ಗೆ ಇಕ್ಕೇರಿಯ ಅಘೋರೇಶ್ವರನಿಗೆ ಕೈಮುಗಿದೆವು. ಕೆಳದಿಯ ಅರಸರು ಕಟ್ಟಿಸಿದ ಆ ದೊಡ್ಡ ಗುಡಿಯ ತಣ್ಣನೆಯ ನೆಲದಲ್ಲಿ ಅತ್ತೆ ಅರ್ಧ ಗಂಟೆ ಕಾಲು ಚಾಚಿ ಕುಳಿತಳು. ಮಧ್ಯಾಹ್ನ ಸಾಗರದಲ್ಲಿ ಊಟ ಮಾಡಿ ಕಾಗೋಡಿಗೆ ಹೋದೆವು.

ಹೊರಗಿನವರ ಕಣ್ಣಿಗೆ ಕಾಗೋಡು ಒಂದು ಸಾಮಾನ್ಯ ಮಲೆನಾಡಿನ ಹಳ್ಳಿ: ಅಡಿಕೆ, ಗದ್ದೆ, ಹೆಂಚಿನ ಮನೆಗಳು. ನಮ್ಮ ಮನೆಯಲ್ಲಿ ಆ ಹೆಸರನ್ನು ಹೇಳುವಾಗ ದನಿ ತಗ್ಗುತ್ತದೆ. ನಾವು ದೀವರು, ಮಲೆನಾಡಿನ ರೈತ ಸಮುದಾಯದವರು. ನಮ್ಮ ಹಿರಿಯರು ಒಡೆಯರ ಗದ್ದೆಯನ್ನು ಗೇಣಿಗೆ ಮಾಡಿದವರು. ಬೆಳೆದದ್ದರಲ್ಲಿ ಗೇಣಿ ಅಳೆದು ಕೊಡಬೇಕು, ಅಳೆಯುವ ಕೊಳಗ ಮಾತ್ರ ಒಡೆಯರದ್ದು. ಇರಬೇಕಾದುದಕ್ಕಿಂತ ದೊಡ್ಡ ಕೊಳಗ. ವರ್ಷವಿಡೀ ಕೆಸರಿನಲ್ಲಿ ನಿಂತವನ ಪಾಲು ಪ್ರತಿ ಅಳತೆಯಲ್ಲೂ ಒಂದೊಂದು ಹಿಡಿಯಂತೆ ಸೋರಿ ಹೋಗುತ್ತಿತ್ತು. ಆ ಕೊಳಗದ ಜಗಳವೇ 1951ರಲ್ಲಿ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಬಂಧನಕ್ಕೊಳಗಾದರು. ಸರತಿಯಂತೆ ಗದ್ದೆಗಿಳಿದು ಸೆರೆಯಾದ ರೈತರಲ್ಲಿ ಇಪ್ಪತ್ಮೂರರ ನಮ್ಮ ಅಜ್ಜನೂ ಇದ್ದ.

ಸೆರೆಮನೆಯ ಬಗ್ಗೆ ಅವನು ಹೇಳಿದ್ದು ಬಹಳ ಕಡಿಮೆ. ಎಷ್ಟು ದಿನ ಒಳಗಿದ್ದೆ ಎಂದು ಕೇಳಿದರೆ “ನಾಟಿಗೆ ತಡವಾಗುವಷ್ಟು” ಎನ್ನುತ್ತಿದ್ದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಸಲ ನಾಟಿ ಮಾಡಿದವಳು ಅಜ್ಜಿ. ಅದನ್ನು ಹೇಳುವಾಗ ಮಾತ್ರ ಅಜ್ಜನ ಮಾತು ಉದ್ದವಾಗುತ್ತಿತ್ತು: ಯಾವ ಗದ್ದೆಯಿಂದ ಶುರು ಮಾಡಿದಳು, ಯಾರ ಎತ್ತು ಬಂದಿತ್ತು, ಸಸಿ ಎಷ್ಟು ನೇರವಾಗಿ ಕೂತಿತ್ತು, ಎಲ್ಲ.

ಕಾಗೋಡಿನ ಗದ್ದೆಯ ಬದುವಿನ ಮೇಲೆ ಅತ್ತೆ ಸೀರೆಯ ಗಂಟು ಬಿಚ್ಚಿದಳು. ಸೆರೆಯಿಂದ ಬಂದ ವರ್ಷವೇ ಅಜ್ಜ ಬಡಗಿಯ ಹತ್ತಿರ ಮಾಡಿಸಿಕೊಂಡ ಕೊಳಗ ಅದು. ಹಲಸಿನ ಮರದ್ದು, ಬಾಯಿಗೂ ಬುಡಕ್ಕೂ ಹಿತ್ತಾಳೆಯ ಪಟ್ಟಿ. ಮರ ಎಪ್ಪತ್ತು ವರ್ಷದಲ್ಲಿ ಜೇನಿನ ಬಣ್ಣದಿಂದ ಕಪ್ಪಿಗೆ ತಿರುಗಿದೆ. ಬಾಯಿಯ ಪಟ್ಟಿಯಲ್ಲಿ ಒಂದು ಕಡೆ, ಹೆಬ್ಬೆರಳಿನ ಅಗಲಕ್ಕೆ, ಹಿತ್ತಾಳೆ ತೆಳ್ಳಗಾಗಿ ತಗ್ಗಾಗಿದೆ. ಅಲ್ಲಿ ಅಜ್ಜನ ಎಡಗೈ ಹೆಬ್ಬೆರಳು ಇರುತ್ತಿತ್ತು. ಬಲಗೈ ಅಂಚಿನಿಂದ ಅಂಚಿಗೆ ಸರಿದು ಭತ್ತವನ್ನು ಮಟ್ಟ ಮಾಡುತ್ತಿತ್ತು. ನಾನು ಅಲ್ಲಿ ಹೆಬ್ಬೆರಳಿಟ್ಟೆ. ತಗ್ಗು ನನ್ನ ಬೆರಳಿಗಿಂತ ದೊಡ್ಡದಿತ್ತು.

“ಇದರಲ್ಲಿ ಅಳೆದು ಕೊಟ್ಟಿದ್ದನ್ನು ಯಾರೂ ಇನ್ನೊಂದು ಸಲ ಅಳೆದು ನೋಡಲಿಲ್ಲ” ಎಂದು ಅಪ್ಪ ಹೇಳಿದ. ಅಪ್ಪ ಹೊಗಳುವ ಜಾತಿಯವನಲ್ಲ. ಅವನ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು.

ಮೂರನೆಯ ದಿನ: ಹೊಳೆಬಾಗಿಲು, ಮಡೆನೂರು, ಮುಳುಗಿದ ಊರು

ಸೋಮವಾರ ನಸುಕಿನಲ್ಲೇ ಹೊರಟೆವು. ಮೊದಲು ಹೊಳೆಬಾಗಿಲಿಗೆ ಹೋಗೋಣ ಎಂದವನು ಅಪ್ಪ. ಸಿಗಂದೂರಿಗೆ ಹೋಗುವ ಭಕ್ತರಿಗೆ ಅದು ಆಗ ಲಾಂಚ್ ಹತ್ತುವ ಜಾಗವಾಗಿತ್ತು. ನಮಗೆ ಅದು ಅಜ್ಜಿಯ ತವರಿನ ದಾರಿ. 1950ರ ಸುಮಾರಿಗೆ ಅಜ್ಜನ ಮದುವೆಯ ದಿಬ್ಬಣ ಇಲ್ಲೇ ಎಲ್ಲೋ ಹೊಳೆ ದಾಟಿತ್ತು. ಬೇಸಿಗೆಯ ಹೊಳೆ, ಮೊಣಕಾಲಿನವರೆಗೆ ನೀರು. ಗಂಡಸರು ಪಂಚೆ ಎತ್ತಿ ಕಟ್ಟಿ ನಡೆದರೆ ಹೆಂಗಸರು ದೋಣಿಯಲ್ಲಿ ಹೋದರಂತೆ. ಲಿಂಗನಮಕ್ಕಿ ತುಂಬಿದ ಮೇಲೆ ಮೊಣಕಾಲಿನ ಹೊಳೆ ಎರಡು ಕಿಲೋಮೀಟರಿಗೂ ಹೆಚ್ಚು ಅಗಲದ ನೀರಾಯಿತು. ಅಜ್ಜಿಯ ತವರಿನ ಕರೂರು ಸೀಮೆ ಆಚೆ ದಡದಲ್ಲಿ ಉಳಿದುಬಿಟ್ಟಿತು. ತನ್ನ ತಾಯಿ ತೀರಿಕೊಂಡ ಸುದ್ದಿ ಅಜ್ಜಿಗೆ ತಲುಪಿದ್ದು ಮಣ್ಣಾದ ಮೇಲೆ. ಆ ಸಂಕಟ ಅವಳನ್ನು ಸಾಯುವ ತನಕ ಬಿಡಲಿಲ್ಲ. 

ನಾವು ಹೋದಾಗ ಸೇತುವೆಯ ಕಂಬಗಳು ನಿಂತಿದ್ದವು, ಕೆಲಸ ನಡೆದಿತ್ತು. 2025ರ ಜುಲೈ 14ರಂದು ಅದು ಉದ್ಘಾಟನೆಯಾಯಿತು. ಅತ್ತೆ ಟಿವಿಯ ಮುಂದೆ ಕುಳಿತು ಅತ್ತಳು ಎಂದು ಅಪ್ಪ ಫೋನ್ ಮಾಡಿ ಹೇಳಿದ. ಅಜ್ಜಿ 2009ರಲ್ಲೇ ಹೋಗಿದ್ದಳು.

ಅಲ್ಲಿಂದ ಮಡೆನೂರಿನ ಕಡೆಗೆ. ಸ್ಥಳೀಯರೊಬ್ಬರ ಜೀಪು ಕಾಡಿನ ದಾರಿ ಮುಗಿಸಿ ಹಿನ್ನೀರಿನ ಬಯಲಿಗೆ ಇಳಿಯಿತು. ಇಳಿದ ಕೂಡಲೇ ಹಸಿರು ನಿಂತುಹೋಗುತ್ತದೆ. ಕಣ್ಣು ಹಾಯುವವರೆಗೆ ಬಿರುಕುಬಿಟ್ಟ ಬೂದು ಮಣ್ಣು, ಅದರ ಮೇಲೆ ಅರವತ್ತು ವರ್ಷ ನೀರಲ್ಲಿ ನಿಂತೂ ಕೊಳೆಯದ ಮರದ ಬೊಡ್ಡೆಗಳು. ಅಪ್ಪ ಒಂದೊಂದನ್ನೂ ತಟ್ಟಿ ಮತ್ತಿ, ನಂದಿ ಎಂದು ಹೆಸರು ಹೇಳಲು ನೋಡಿದ. ಕೆಲವದಕ್ಕೆ ಸುಮ್ಮನಾದ.

ಒಂದು ದಿಣ್ಣೆ ದಾಟಿದಾಗ ಹಿರೇಭಾಸ್ಕರ ಅಣೆಕಟ್ಟು ಎದುರಾಯಿತು. ವರ್ಷದಲ್ಲಿ ಹೆಚ್ಚಿನ ಕಾಲ ನೀರಿನಡಿ ಇರುವ ಕಟ್ಟಡ ಅಷ್ಟು ಗಟ್ಟಿಯಾಗಿ ನಿಂತಿರುವುದನ್ನು ನೋಡಿ ನನಗೆ ಮಾತು ಹೊರಡಲಿಲ್ಲ. ಕಲ್ಲಿನ ಕಟ್ಟಡಕ್ಕೆ ಅಂಟಿಕೊಂಡಂತೆ ದೊಡ್ಡ ದೊಡ್ಡ ಸೈಫನ್ ಗೋಪುರಗಳು, ಮೇಲೆ ಅರಳಿದ ಆಲಿಕೆಯ ಹಾಗೆ. ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ವಿಧಾನ ಅದು. ಗೇಟು ತೆರೆಯುವ ಆಳು ಬೇಡ. ನೀರು ಗೊತ್ತಾದ ಮಟ್ಟ ಮೀರಿದರೆ ಬಾಯಿಯ ಅಂಚು ದಾಟಿ ಸುಳಿಸುಳಿಯಾಗಿ ಒಳಗಿಳಿಯುತ್ತದೆ. ಆ ಸುಳಿ ಕೊಳವೆಯೊಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಆಮೇಲೆ ಸೈಫನ್ ತಾನಾಗಿಯೇ ಹಿಡಿದು ಹೆಚ್ಚಾದ ನೀರನ್ನು ಕೆಳಕ್ಕೆ ಚೆಲ್ಲುತ್ತದೆ. ಅಜ್ಜ ಇದನ್ನು ನಮಗೆ ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಮೇಲೆ ಬಕೆಟ್ಟು ಮತ್ತು ಪಪ್ಪಾಯಿ ಎಲೆಯ ದಂಟು ಇಟ್ಟು ಮಾಡಿ ತೋರಿಸಿದ್ದ. ಶಾಲೆಗೆ ಎರಡು ವರ್ಷವೂ ಹೋಗಿರದವನು, ತಾನು ಗಾರೆ ಹೊತ್ತ ಕಟ್ಟಡ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕೇಳಿ ಕೇಳಿ ತಿಳಿದುಕೊಂಡಿದ್ದ. ಅದರ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ತನ್ನ ಊರು ಹೋದ ಮೇಲೂ ಆ ಹೆಮ್ಮೆ ಹೋಗಿರಲಿಲ್ಲ.

ಆ ಅಣೆಕಟ್ಟು ಬಾಳಿದ್ದು ಬಹಳ ಕಾಲವಲ್ಲ. ಇನ್ನೂ ದೊಡ್ಡ ಯೋಜನೆ ಬಂತು. 1964ರಲ್ಲಿ ಕೆಳಗಡೆ ಲಿಂಗನಮಕ್ಕಿ ಮುಗಿಯಿತು. ಸಮುದ್ರಮಟ್ಟದಿಂದ 1,819 ಅಡಿಯವರೆಗೆ ನೀರು ನಿಲ್ಲಿಸುವ, ಸುಮಾರು 151 ಟಿಎಂಸಿ ಹಿಡಿಯುವ ಅಣೆಕಟ್ಟು. ಆ ನೀರಿನಲ್ಲಿ ಹಿರೇಭಾಸ್ಕರವೂ ಮುಳುಗಿತು, ಅಜ್ಜನ ಊರೂ ಮುಳುಗಿತು. ಅಜ್ಜ ಕಟ್ಟಿದ್ದೂ ಹುಟ್ಟಿದ್ದೂ ಒಂದೇ ನೀರಿನೊಳಗೆ ಹೋದವು. ನಾಡಿಗೆ ಬೆಳಕು ಬೇಕಿತ್ತು, ನಿಜ. ಶರಾವತಿಯ ಹತ್ತು ಯಂತ್ರಗಳು 1,035 ಮೆಗಾವ್ಯಾಟ್ ಕೊಟ್ಟು ದಶಕಗಳ ಕಾಲ ರಾಜ್ಯದ ವಿದ್ಯುತ್ತಿನ ದೊಡ್ಡ ಪಾಲನ್ನು ಹೊತ್ತವು. ಆದರೆ ಆ ಬೆಳಕಿನ ಲೆಕ್ಕ ಬರೆಯುವಾಗ ಮನೆ ಬಿಟ್ಟವರ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು ಎಂದು ನಾನು ನಂಬಿದ್ದೇನೆ. ಅಜ್ಜ ಗೇಣಿದಾರ. ಗದ್ದೆಯ ಪರಿಹಾರ ಒಡೆಯರ ಹೆಸರಿಗೆ ಬಂತು. ಅಜ್ಜನಿಗೆ ಬಂದದ್ದು ಹುಲ್ಲಿನ ಮನೆಯ ಬೆಲೆ ಮತ್ತು ಒಂದು ಲಾರಿ.

ಊರಿನ ನೆಲ ಅಣೆಕಟ್ಟಿನಿಂದ ಒಂದು ಗಂಟೆಯ ನಡಿಗೆ. ಬಿಸಿಲು ಏರಿತ್ತು. ಅತ್ತೆ ನನ್ನ ಭುಜ ಹಿಡಿದು, ಒಂದು ಕೈಯಲ್ಲಿ ಕೋಲು ಊರಿ, ನಿಂತು ನಿಂತು ಬಂದಳು. ಮೊದಲು ಸಿಕ್ಕಿದ್ದು ಜಂಬಿಟ್ಟಿಗೆಯ ಬಾವಿ. ಹೂಳು ತುಂಬಿ ನೆಲಕ್ಕೆ ಸಮನಾಗಿತ್ತು, ಸುತ್ತಿನ ಕಲ್ಲು ಮಾತ್ರ ಹಾಗೆಯೇ ಇತ್ತು. “ಇದು ನಮ್ಮ ಊರಿನದೇ” ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಅಲ್ಲಿಂದ ಮುಂದೆ ಒಮ್ಮತ ಮುಗಿಯಿತು.

ಅಪ್ಪನಿಗೆ ಊರು ಬಿಡುವಾಗ ಹನ್ನೊಂದು ವರ್ಷ, ಅತ್ತೆಗೆ ಆರು. ಮನೆ ಬಾವಿಯ ಮೂಡು ದಿಕ್ಕಿಗೆ, ಎರಡು ಗದ್ದೆ ದಾಟಿ ಎಂದು ಅಪ್ಪ. ಅಲ್ಲವೇ ಅಲ್ಲ, ಬಡಗು ದಿಕ್ಕಿಗೆ, ಹಲಸಿನ ಮರದ ಪಕ್ಕ ಎಂದು ಅತ್ತೆ. ಅಲ್ಲಿ ಒಂದು ಅಡಿಪಾಯ ಇತ್ತು, ಇಲ್ಲೂ ಒಂದು ಅಡಿಪಾಯ ಇತ್ತು. ಎರಡರಲ್ಲೂ ಒಲೆಯ ಜಾಗ ಅನ್ನಿಸುವಂಥ ಕರಿ ಮಣ್ಣು. “ಅಮ್ಮ ಬಾವಿಯಿಂದ ಕೊಡ ಹೊತ್ತು ಬರುವಾಗ ಸೂರ್ಯ ಅವಳ ಬೆನ್ನಿಗೆ ಇರುತ್ತಿದ್ದ” ಎಂದು ಅಪ್ಪ. “ಬೆಳಿಗ್ಗೆಯೋ ಸಂಜೆಯೋ?” ಎಂದು ಅತ್ತೆ. ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಎಪ್ಪತ್ತೊಂದು ವರ್ಷದ ಅಣ್ಣ, ಅರವತ್ತಾರು ವರ್ಷದ ತಂಗಿ, ಬಿರುಕು ಮಣ್ಣಿನಲ್ಲಿ ನಿಂತು ಮಕ್ಕಳ ಹಾಗೆ ವಾದಿಸಿದರು. ಕೊನೆಗೆ ಇಬ್ಬರೂ ನನ್ನ ಮುಖ ನೋಡಿದರು. ಈ ಜಗಳ ಬಿಡಿಸಬಹುದಾಗಿದ್ದವನು ಒಬ್ಬನೇ ಒಬ್ಬ. ಅವನು ಬದುಕಿರುವಷ್ಟು ಕಾಲ ನಮಗೆ ಇದನ್ನು ಕೇಳಬೇಕೆಂದು ತೋಚಲಿಲ್ಲ, ಅವನೂ ಒಮ್ಮೆಯೂ ಇಲ್ಲಿಗೆ ಬರಲು ಒಪ್ಪಲಿಲ್ಲ. ನೀರು ಇಳಿದ ಎಷ್ಟೋ ಬೇಸಿಗೆಯಲ್ಲಿ ನೆಂಟರು ಕರೆದದ್ದುಂಟು. “ನೋಡಿ ಏನು ಮಾಡಲಿ, ಉಳುಮೆ ಮಾಡಲು ಬರುತ್ತದೆಯೇ?” ಎಂದು ಕೇಳಿ ಸುಮ್ಮನಾಗುತ್ತಿದ್ದ.

ಎರಡು ಅಡಿಪಾಯಗಳ ನಡುವೆ ಎಡೆ ಇಟ್ಟೆವು. ಬಾಳೆ ಎಲೆ, ಅನ್ನ, ಮನೆಯಿಂದ ತಂದ ಕೊಟ್ಟೆ ಕಡುಬು, ಅಜ್ಜನಿಗೆ ಪ್ರೀತಿಯ ಒಣ ಮೀನಿನ ಚಟ್ನಿ, ಎಲೆ ಅಡಿಕೆ. ಕೊಳಗದಲ್ಲಿ ಭತ್ತ ತುಂಬಿ ಪಕ್ಕದಲ್ಲಿ ಇಟ್ಟೆವು. ಭೂತಾಯಿಗೆ ಸೀಮಂತ ಮಾಡುವ ಭೂಮಿ ಹುಣ್ಣಿಮೆಯ ನಸುಕಿನಲ್ಲಿ, ಬಸಿರು ತುಂಬಿದ ಗದ್ದೆಗೆ ಹಚ್ಚಂಬಲಿ ಎಂಬ ಸೊಪ್ಪಿನ ಎಡೆ ಬೀರುತ್ತಾ ಅಜ್ಜ ಕೂಗುತ್ತಿದ್ದ ಕೂಗನ್ನು ಅಪ್ಪ ಮೆಲ್ಲಗೆ ಹೇಳಲು ಶುರು ಮಾಡಿದ. ‘ಹಚ್ಚಂಬಲಿ ಹರಿವೆ ಸೊಪ್ಪು’ ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಅತ್ತೆ ಮುಂದುವರಿಸಿದಳು. ಪೈರಿಲ್ಲದ ಆ ಬಯಲಿನಲ್ಲಿ ಅವಳ ದನಿ ಬಹಳ ದೂರ ಹೋಯಿತು.

ನಾಲ್ಕನೆಯ ದಿನ: ಲಾರಿ ಇಳಿಸಿದ ಜಾಗ

ಸಾಗರದಿಂದ ಶಿವಮೊಗ್ಗದ ದಾರಿ ಹಿಡಿದರೆ ಆಯನೂರು, ಕುಂಸಿಯ ಸುತ್ತಿನ ಕಾಡಂಚಿನಲ್ಲಿ ಮುಳುಗಡೆಯವರ ಊರುಗಳು ಸಿಗುತ್ತವೆ. ನಮ್ಮದು ಅಂಥದ್ದೊಂದು. ಲಾರಿಯಿಂದ ಇಳಿಸಿದಾಗ ಇಲ್ಲಿ ಮನೆ ಇರಲಿ, ದಾರಿಯೂ ಇರಲಿಲ್ಲ. ಮೊದಲ ಮಳೆಗಾಲವನ್ನು ಎರಡು ಸಂಸಾರ ಒಂದೇ ಸೋಗೆ ಮಾಡಿನ ಕೆಳಗೆ ಕಳೆದವು. ಜ್ವರದಲ್ಲಿ ಒಂದು ಮಗು ಹೋಯಿತು. ಅಪ್ಪನ ನಂತರದ, ಅತ್ತೆಗಿಂತ ಹಿರಿಯ ತಮ್ಮ. ಅಜ್ಜ ಮಕ್ಕಳನ್ನು ಎಣಿಸುವಾಗ ಆ ಮಗುವನ್ನು ಬಿಟ್ಟು ಎಣಿಸಿದ್ದಿಲ್ಲ.

ಮೂವತ್ತಾರು ವರ್ಷದವನು ಮತ್ತೆ ಮೊದಲಿನಿಂದ ಶುರು ಮಾಡಿದ. ಪೊದೆ ಕಡಿದ, ಕಟ್ಟೆ ಕಟ್ಟಿದ, ಹಳ್ಳದ ನೀರನ್ನು ತಿರುಗಿಸಿ ಎರಡು ಎಕರೆ ಗದ್ದೆ ಮಾಡಿದ. ಮುಳುಗುವ ಮೊದಲು ಹಿತ್ತಲಿನ ಹಲಸಿನ ಬೀಜ ತಂದಿದ್ದನಂತೆ. ಅದರ ಮರ ಈಗ ಅಂಗಳಕ್ಕೆ ಪೂರ್ತಿ ನೆರಳು ಕೊಡುತ್ತದೆ. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂದಾಗ ಗೇಣಿದಾರರು ಫಾರಂ 7 ಎಂಬ ಅರ್ಜಿ ತುಂಬಿ ಉಳುವ ನೆಲದ ಒಡೆಯರಾದರು. ಯಾವ ನೆಲಕ್ಕಾಗಿ ಅಜ್ಜ ಕಾಗೋಡಿನಲ್ಲಿ ಸೆರೆಯಾಗಿದ್ದನೋ ಆ ನೆಲ ಆಗ ನೀರಿನಡಿ ಇತ್ತು. ಈ ಕಾಡಂಚಿನ ಗದ್ದೆಗೆ ಹಕ್ಕುಪತ್ರ ಇವತ್ತಿಗೂ ಬಂದಿಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಜ್ಜ ಕೊಟ್ಟ ಅರ್ಜಿಗಳ ನಕಲುಗಳು ತಗಡಿನ ಪೆಟ್ಟಿಗೆಯಲ್ಲಿವೆ. ಮೊದಮೊದಲಿನವು ಬೇರೆಯವರ ಕೈಬರಹ, ಕೆಳಗೆ ಹೆಬ್ಬೆಟ್ಟು. ಆಮೇಲಿನವುಗಳಲ್ಲಿ ನಡುಗುವ ಅಕ್ಷರದ ಸಹಿ. ಸಹಿ ಮಾಡಲು ಅಜ್ಜನಿಗೆ ಕಲಿಸಿದವನು ನಮ್ಮ ಅಪ್ಪ. ಕೊನೆಯದು ತೊಂಬತ್ತೊಂದನೆಯ ವಯಸ್ಸಿನದು. ಮನೆಗೆ ವಿದ್ಯುತ್ ಬಂದದ್ದು 1987ರಲ್ಲಿ. ಆ ದಿನ ಬಲ್ಬು ಹತ್ತಿದಾಗ ಅಜ್ಜ ಅದನ್ನು ಬಹಳ ಹೊತ್ತು ನೋಡಿ “ಬಂದೆಯಾ” ಎಂದನಂತೆ. ಹೊಳೆಯನ್ನು ಮಾತನಾಡಿಸಿದ ಹಾಗೆ ಇತ್ತು ಎಂದು ಅಪ್ಪ ಈಗಲೂ ಹೇಳುತ್ತಾನೆ.

ನಾವು ತಲುಪುವಷ್ಟರಲ್ಲಿ ಮನೆ ತುಂಬಿತ್ತು. ಜಗಲಿಯ ಗೋಡೆಗೆ ಚಿಕ್ಕಮ್ಮಂದಿರು ಕೆಮ್ಮಣ್ಣು ಬಳಿದು ಒಣಗಿಸಿದ್ದರು. ಸಂಜೆ ಅತ್ತೆ ಅದರ ಮೇಲೆ ಚಿತ್ತಾರ ಬರೆದಳು. ನೆನೆಸಿ ಅರೆದ ಅಕ್ಕಿಯ ಬಿಳುಪು, ಪುಂಡಿ ನಾರಿನ ಕುಂಚ. ಆ ಕುಂಚ ಅಜ್ಜ ಮಾಡಿಟ್ಟದ್ದು. ಹೆಂಗಸರು ಬರೆಯುವ ಚಿತ್ತಾರಕ್ಕೆ ಕುಂಚ ಜಜ್ಜಿ ಹದ ಮಾಡಿಕೊಡುವುದು ತನ್ನ ಕೆಲಸ ಎಂದು ಅವನೇ ವಹಿಸಿಕೊಂಡಿದ್ದ. ಸೂರಿನ ಸಂದಿಯಲ್ಲಿ ಇನ್ನೂ ಒಂದಷ್ಟು ಕುಂಚಗಳು ಸಿಕ್ಕಿಸಿದ ಹಾಗೆಯೇ ಇವೆ. ಅತ್ತೆ ಎಳೆಯ ಮೇಲೆ ಎಳೆ ಎಳೆಯುತ್ತಾ ಹೋದಳು, ಒಂದೂ ಅಲುಗಲಿಲ್ಲ. ಹಿಂದಿನ ದಿನ ಕೋಲಿಲ್ಲದೆ ಹೆಜ್ಜೆ ಇಡಲಾರದವಳ ಕೈ ಅದು.

ನಾಳಿನ ಅಡುಗೆಗೆ ಅಕ್ಕಿ ಅಳೆಯಬೇಕಿತ್ತು. ಅಪ್ಪ ಚೀಲದ ಬಾಯಿ ಹಿಡಿದ. ಕೊಳಗ ಮಗಳ ಕೈಗೆ ಭಾರ, ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಅಜ್ಜನ ಹೆಬ್ಬೆರಳಿನ ತಗ್ಗು ಅವಳಿಗೆ ಸಿಕ್ಕಿತೋ ಇಲ್ಲವೋ. ತುಂಬಿದ ಅಕ್ಕಿಯ ಮೇಲೆ ಅಂಗೈ ಎಳೆದು ಮಟ್ಟ ಮಾಡಿ, ಹಂಡೆಗೆ ಸುರಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

“ಲಾಭ” ಎಂದಳು.

ಅಪ್ಪ ಚೀಲವನ್ನು ಇನ್ನಷ್ಟು ಬಾಗಿಸಿದ.